ಹೊಸ ಮನೆಯ ಗಟರ್ ಮೊದಲ ಮಳೆಗೇ ಸೋರುತ್ತಿದೆ, ಬಿಲ್ಡರ್ "ಅದು ಮೇಂಟೆನೆನ್ಸ್" ಅಂತಾರೆ

ಹೊಸಮನೆ_ಉಡುಪಿ
ಉಡುಪಿ ಹೊರವಲಯ, 14 ವಿಲ್ಲಾಗಳ ಲೇಔಟ್, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಇದೆ. ಕೀ ಕೈಗೆ ಬಂದದ್ದು ಫೆಬ್ರವರಿಯಲ್ಲಿ. ಮಾಡು ಕಬ್ಬಿಣದ ಟ್ರಸ್, ಮೇಲೆ ಹಂಚು, ಎರಡು ಕಡೆಗೆ ಇಳಿಜಾರು. ಒಂದೊಂದು ಕಡೆ 11 ಮೀಟರ್ ಉದ್ದ, ನೆಲದ ಅಳತೆಯಲ್ಲಿ 5 ಮೀಟರ್ ಅಗಲ. ಮಾಡಿನ ಅಂಚಿನ ಮಳೆನೀರು ಹಿಡಿಯೋಕೆ 6 ಇಂಚಿನ ಪಿವಿಸಿ ಗಟರ್. ಕೆಳಗೆ ಇಳಿಯುವ ಪೈಪು ಪ್ರತಿ ಕಡೆಗೆ ಒಂದೇ, 75 ಎಂಎಂ, ಒಂದು ತುದಿಯಲ್ಲಿ.

ಆಗ್ತಿರೋದು ಇಷ್ಟು: ಎರಡು ಜಾಯಿಂಟ್‌ನಲ್ಲಿ ತೊಟ್ಟಿಕ್ಕುತ್ತೆ. ಜೋರು ಮಳೆಗೆ ಹಿಂದಿನ ಕಡೆ ನಡುವಿನಿಂದ ನೀರು ಅಂಚು ದಾಟಿ ಸುರಿಯುತ್ತೆ. ಗಟರ್‌ಗೂ ಗೋಡೆಗೂ ಮಧ್ಯೆ ನೀರು ಇಳಿದು ಗೋಡೆ ಹಸಿ ಹಿಡಿದು ಪೇಂಟ್ ಉಬ್ಬಿದೆ. ಮಳೆ ನಿಂತ ಮೇಲೂ ಗಟರ್ ಒಳಗೆ ಒಂದಿಂಚು ನೀರು ನಿಂತೇ ಇರುತ್ತೆ.

ಸೂಪರ್‌ವೈಸರ್ ಎರಡು ಸಲ ಬಂದು ಸಿಲಿಕೋನ್ ಬಳಿದು ಹೋದರು, ಎರಡೂ ಸಲ ವಾರದೊಳಗೆ ಮತ್ತೆ ಶುರು. ಈಗ ಹೇಳ್ತಿರೋದು "ಗಟರ್ ವಾರಂಟಿಗೆ ಬರಲ್ಲ, ಮೇಂಟೆನೆನ್ಸ್. ಒಪ್ಪಂದದಲ್ಲೂ ಒಂದೇ ವರ್ಷ ಇರೋದು" ಅಂತ. ಏನು ಮಾಡಬಹುದು?

ತಗಡು_ಕೆಲಸ
ನಾಲ್ಕು ಸಾಲಿನಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆ ಬರೆದಿದ್ದೀರಿ, ಅವರು ನಾಲ್ಕಕ್ಕೂ ಒಂದೇ ಟ್ಯೂಬು ಹಿಂಡಿದ್ದಾರೆ. ಜಾಯಿಂಟ್ ಸೋರಿಕೆ ಬೇರೆ, ತುಂಬಿ ಚೆಲ್ಲೋದು ಬೇರೆ, ಹಿಂದಕ್ಕೆ ಹರಿಯೋದು ಬೇರೆ, ವಾಟ (ನೀರು ಹರಿಯೋ ಇಳಿಜಾರು) ಇಲ್ಲದೆ ನೀರು ನಿಲ್ಲೋದು ಬೇರೆ. ದೂರು ಬರೆಯುವಾಗ "ಗಟರ್ ಸೋರುತ್ತೆ" ಅಂತ ಮಾತ್ರ ಬರೀಬೇಡಿ. ಹಾಗೆ ಬರೆದರೆ ಮೂರನೇ ಸಲ ಸಿಲಿಕೋನ್ ಬಳಿದು "ದೂರು ಮುಕ್ತಾಯ" ಅಂತ ಸಹಿ ಹಾಕಿಸ್ಕೊಳ್ತಾರೆ.

ಗಾಳಿಮಳೆ
11 ಮೀಟರಿಗೆ ಒಂದೇ 3 ಇಂಚಿನ ಪೈಪಾ? ಕರಾವಳಿಯಲ್ಲಿ? ಎಂಥ ಧೈರ್ಯ ಮಾರಾಯ್ರೆ.

ಲೆವೆಲ್‌ಪೈಪ್
ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರಿಗೆ 1 ಎಂಎಂ ಮಳೆ ಬಿದ್ದರೆ 1 ಲೀಟರ್. ನಿಮ್ಮ ಒಂದು ಇಳಿಜಾರು 11 × 5 = 55 ಚ.ಮೀ. ಗಂಟೆಗೆ 100 ಎಂಎಂ ವೇಗದ ಮಳೆ ಅಂದರೆ ಗಂಟೆಗೆ 5,500 ಲೀಟರ್, ಸೆಕೆಂಡಿಗೆ ಸುಮಾರು ಒಂದೂವರೆ ಲೀಟರ್.

ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮಳೆನೀರಿನ ಪೈಪಿಗೆ ಕೋಷ್ಟಕವೇ ಇದೆ. ಗಂಟೆಗೆ 100 ಎಂಎಂ ಮಳೆಗೆ 75 ಎಂಎಂ ಪೈಪು 20.4 ಚ.ಮೀ. ಮಾಡಿನ ನೀರು ಇಳಿಸುತ್ತೆ, 100 ಎಂಎಂ ಪೈಪು 42.7 ಚ.ಮೀ. ಮಳೆ 150ಕ್ಕೆ ಏರಿದರೆ ಅವೇ ಪೈಪುಗಳು 13.6 ಮತ್ತು 28.5ಕ್ಕೆ ಇಳಿಯುತ್ತವೆ. ನಿಮ್ಮ ಪೈಪಿನ ಮೇಲೆ ಇರೋದು 55. ಅಂದರೆ 100ರ ಲೆಕ್ಕದಲ್ಲೇ ಎರಡೂಮುಕ್ಕಾಲು ಪಟ್ಟು ಹೊರೆ.

ಪ್ರತಿ ಕಡೆಗೆ 4 ಇಂಚಿನ (ಅಂಗಡಿಯಲ್ಲಿ 110 ಎಂಎಂ ಅಂತ ಕೇಳಿ) ಎರಡು ಪೈಪು, ಎರಡು ತುದಿಗೆ ಒಂದೊಂದು ಹಾಕಿದರೆ ತಲಾ 27.5 ಚ.ಮೀ. ಬರುತ್ತೆ. 150ರ ಮಳೆಯನ್ನೂ ಕೂದಲೆಳೆಯಲ್ಲಿ ತಡೆಯುತ್ತೆ.

ಜಯನಗರ_ಟೆರೇಸ್
ಗಂಟೆಗೆ 100 ಎಂಎಂ ಮಳೆ ದಿನಾ ಬರುತ್ತಾ ಸಾರ್? ಇದು ಸ್ವಲ್ಪ ಜಾಸ್ತಿ ಆಯ್ತು.

ಲೆವೆಲ್‌ಪೈಪ್
ಇಡೀ ಗಂಟೆ ಬರಬೇಕಾಗಿಲ್ಲ. ಹತ್ತು ನಿಮಿಷದಲ್ಲಿ 17 ಎಂಎಂ ಬಿದ್ದರೂ ಆ ಹೊತ್ತಿನ ವೇಗ ಗಂಟೆಗೆ 100ರದ್ದೇ, ಗಟರ್ ತುಂಬಿ ಚೆಲ್ಲೋಕೆ ಎರಡು ನಿಮಿಷ ಸಾಕು. ವರ್ಷಕ್ಕೆ ಎಷ್ಟು ಮಳೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಬೆಂಗಳೂರಲ್ಲಿ ವರ್ಷದ ಮಳೆ ಉಡುಪಿಯ ಕಾಲು ಭಾಗದಷ್ಟೇ ಇದ್ದರೂ ಸಂಜೆಯ ಗುಡುಗು ಮಳೆಗೆ ಅಲ್ಲೂ ಇದೇ ಗತಿ.

ಹುಬ್ಬಳ್ಳಿ_ಬಿಸಿಲು
ಶೀರ್ಷಿಕೆ ನೋಡಿ ಗಾಬರಿ ಆತ್ರೀ. ನಮ್ಮ ಕಡೆ ಗಟಾರ ಅಂದ್ರ ಓಣಿ ಮುಂದಿನ ಚರಂಡಿ. ಅದು ಮಾಡಿನ ಮ್ಯಾಲೆ ಹೆಂಗ ಹತ್ತಿತು ಅಂತ ಓದಾಕ ಬಂದೆ.

ಗಾಳಿಮಳೆ
ನಮ್ಮಲ್ಲಿ ಅದಕ್ಕೆ ದಂಬೆ ಅಂತ ಹೇಳುದು. ಹಿಂದೆ ಅಡಿಕೆ ಮರ ಸೀಳಿ ತಿರುಳು ತೆಗೆದು ಕಟ್ಟುತ್ತಿದ್ದರು. ವಾರಂಟಿ ಎರಡು ಮಳೆಗಾಲ 😀

ತಗಡು_ಕೆಲಸ
ಮಲೆನಾಡಲ್ಲಿ ದೋಣಿ. ಅಡಿಕೆಯದ್ದಕ್ಕೆ ಜಾಯಿಂಟೂ ಇರಲಿಲ್ಲ, ಸಿಲಿಕೋನೂ ಇರಲಿಲ್ಲ.

ವಿಷಯಕ್ಕೆ ಬರ್ತೀನಿ. ಪಿವಿಸಿ ಗಟರ್ ಜಾಯಿಂಟ್ ಯಾಕೆ ಬಿಡುತ್ತೆ ಅಂತ ಗೊತ್ತಿದ್ದರೆ ಸೂಪರ್‌ವೈಸರ್ ಜೊತೆ ಮಾತಾಡೋದು ಸುಲಭ. ಪಿವಿಸಿ ಬಿಸಿಲಿಗೆ ಹಿಗ್ಗುತ್ತೆ, ಮಳೆಗೆ ಕುಗ್ಗುತ್ತೆ. ಉಷ್ಣತೆ 30 ಡಿಗ್ರಿ ಏರಿಳಿದರೆ 3 ಮೀಟರಿನ ಒಂದು ತುಂಡು ಸುಮಾರು 6 ಎಂಎಂ ಆಚೀಚೆ ಆಗುತ್ತೆ, 11 ಮೀಟರಿಗೆ ಹತ್ತಿರ ಹತ್ತಿರ 23 ಎಂಎಂ. ಅದಕ್ಕೇ ಜಾಯಿಂಟ್ ಒಳಗೆ ರಬ್ಬರ್ ಗ್ಯಾಸ್ಕೆಟ್ ಇಟ್ಟಿರ್ತಾರೆ, ಗಟರ್ ಅದರ ಮೇಲೆ ಜಾರಬೇಕು. ತುಂಡನ್ನು ಎಲ್ಲಿವರೆಗೆ ತೂರಿಸಬೇಕು ಅಂತ ಒಳಗಡೆ ಗೆರೆ ಇರುತ್ತೆ. ಫೆಬ್ರವರಿ ಬಿಸಿಲಲ್ಲಿ ಹಿಗ್ಗಿದ ತುಂಡನ್ನು ಗೆರೆ ನೋಡದೆ ಅರ್ಧಂಬರ್ಧ ಕೂರಿಸಿದರೆ ಜೂನ್ ಮಳೆಗೆ ಕುಗ್ಗಿ ಗ್ಯಾಸ್ಕೆಟ್ ಬಿಟ್ಟು ಈಚೆ ಬರುತ್ತೆ.

ಅದರ ಮೇಲೆ ಸಿಲಿಕೋನ್ ಬಳಿದರೆ ಆಗೋದು ಇಷ್ಟೇ: ಜಾರಬೇಕಾದ ಜಾಗ ಅಂಟಿಕೊಳ್ಳುತ್ತೆ, ಒಂದು ಬಿಸಿಲು ಒಂದು ಮಳೆಗೆ ಅಂಟು ಕಿತ್ತು ಬರುತ್ತೆ. ಎಂ-ಸೀಲ್ ಇನ್ನೂ ಕೆಟ್ಟದು, ಕಲ್ಲಾಗಿ ಸೀಳುತ್ತೆ. ಪಿವಿಸಿ ಪೈಪಿನ ಸಾಲ್ವೆಂಟ್ ಹಾಕಿ ಎಲ್ಲ ಜಾಯಿಂಟ್ ಬಿಗಿದವರೂ ಇದ್ದಾರೆ. ಆಗ ಜಾಯಿಂಟ್ ಗಟ್ಟಿ, ಬ್ರಾಕೆಟ್ ಕಿತ್ತು ಬರುತ್ತೆ ಇಲ್ಲ ಗಟರ್ ನಡುವೆ ಬಿರುಕು ಬಿಡುತ್ತೆ.

ಸರಿಯಾದ ಕೆಲಸ ಹೀಗೆ. ಜಾಯಿಂಟ್ ಬಿಚ್ಚಿ, ಹಳೆ ಸಿಲಿಕೋನ್ ಪೂರ್ತಿ ಕೆರೆದು ತೆಗೀಬೇಕು. ಗ್ಯಾಸ್ಕೆಟ್ ಸೀಳಿದ್ದರೆ ಅಥವಾ ಸಿಲಿಕೋನ್ ಅಂಟಿ ಹಾಳಾಗಿದ್ದರೆ ಆ ಜಾಯಿಂಟ್ ತುಂಡನ್ನೇ ಬದಲಿಸಬೇಕು, ಇಡೀ ಗಟರ್ ಬೇಕಾಗಿಲ್ಲ. ಗಟರ್ ತುದಿ ನೇರ ಕತ್ತರಿಸಿದೆಯಾ ನೋಡಿ, ಓರೆ ಇದ್ದರೆ ಒಂದು ಬದಿ ಗ್ಯಾಸ್ಕೆಟ್‌ಗೆ ಮುಟ್ಟೋದೇ ಇಲ್ಲ. ಗ್ಯಾಸ್ಕೆಟ್ ಕೂರೋ ಜಾಗದಲ್ಲಿ ಸಿಮೆಂಟ್ ಕಾಳು, ಗರಗಸದ ಪುಡಿ ಇರಬಾರದು. ಸೋಪು ನೀರು ಸವರಿ ಗೆರೆವರೆಗೆ ತೂರಿಸಿ ಕ್ಲಿಪ್ ಹಾಕೋದು. ಎಣ್ಣೆ, ಗ್ರೀಸ್ ಬೇಡ. ಜಾಯಿಂಟಿನ ಎರಡೂ ಪಕ್ಕ ಅರ್ಧ ಅಡಿಯೊಳಗೆ ಬ್ರಾಕೆಟ್ ಇರಲೇಬೇಕು, ಇಲ್ಲದಿದ್ದರೆ ನೀರಿನ ಭಾರಕ್ಕೆ ಜಾಯಿಂಟ್ ಬಾಯಿ ತೆರೆಯುತ್ತೆ.

ಸೂರಿನಂಚು
ಬ್ರಾಕೆಟ್ ಅಂತರ ಅಳೆದು ನೋಡಿ. 900 ಎಂಎಂಗಿಂತ ಹೆಚ್ಚಿದ್ದರೆ ಕರಾವಳಿ, ಮಲೆನಾಡಿಗೆ ಸಾಲದು, 600 ಇದ್ದರೆ ಕ್ಷೇಮ. 6 ಇಂಚಿನ ಅರ್ಧವೃತ್ತದ ಗಟರ್ ತುಂಬಿದರೆ ಮೀಟರಿಗೆ 8–9 ಕೆಜಿ ನೀರೇ ಆಗುತ್ತೆ. ಸ್ಕ್ರೂ ಸಾದಾದು ಹಾಕಿದ್ದರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಬ್ರಾಕೆಟ್ ಜೋತು ಬೀಳುತ್ತೆ, ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಸ್ಕ್ರೂ ಕೇಳಿ.

ಕಲಂ14
ಈಗ ಕಾನೂನಿನ ಭಾಗ. "ಒಂದೇ ವರ್ಷ" ಅನ್ನೋದು ನಿಲ್ಲಲ್ಲ. 2016ರ ರೇರಾ ಕಾಯ್ದೆಯ ಕಲಂ 14(3) ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯ ದೋಷವಾಗಲಿ, ಕೆಲಸದ, ಗುಣಮಟ್ಟದ ಅಥವಾ ಸೇವೆಗಳ ದೋಷವಾಗಲಿ ಗಮನಕ್ಕೆ ತಂದರೆ ಪ್ರವರ್ತಕ (ಅಂದರೆ ಬಿಲ್ಡರ್) 30 ದಿನದೊಳಗೆ ಹೆಚ್ಚಿನ ಹಣ ತೆಗೆದುಕೊಳ್ಳದೆ ಸರಿಪಡಿಸಬೇಕು. ಮಾಡದಿದ್ದರೆ ಪರಿಹಾರ ಕೇಳುವ ಹಕ್ಕು ನಿಮ್ಮದು. "ಗಟರ್ ರಚನೆಯ ಭಾಗ ಅಲ್ಲ" ಅನ್ನೋ ವಾದ ಬಂದೇ ಬರುತ್ತೆ. ಕಲಂನಲ್ಲಿ ರಚನೆ ಮಾತ್ರ ಇಲ್ಲ, ಕೆಲಸದ ಗುಣಮಟ್ಟವೂ ಇದೆ ಅಂತ ಸಾಲು ತೋರಿಸಿ.

ಆದರೆ "ಗಮನಕ್ಕೆ ತಂದರೆ" ಅನ್ನೋದೇ ಕೀಲಿ. ಫೋನು, ಸೂಪರ್‌ವೈಸರ್ ಹತ್ತಿರ ಹೇಳಿದ್ದು ಸಾಬೀತು ಮಾಡೋದು ಕಷ್ಟ. ಒಪ್ಪಂದದಲ್ಲಿರೋ ವಿಳಾಸಕ್ಕೆ ಸ್ಪೀಡ್ ಪೋಸ್ಟ್, ಅದೇ ದಿನ ಇಮೇಲ್. ಸೂಪರ್‌ವೈಸರ್ ಬಂದು ಹೋದ ಎರಡೂ ದಿನಾಂಕ ಬರೆಯಿರಿ, ಅವರು ದೋಷ ಒಪ್ಪಿ ಕೆಲಸ ಮಾಡಿದ್ದಕ್ಕೆ ಅದೇ ಸಾಕ್ಷಿ.

ಜಯನಗರ_ಟೆರೇಸ್
ಗಟರ್ ಕಂಪನಿಯ ವಾರಂಟಿ ಕಾರ್ಡ್ ಇದ್ದರೆ ಅದನ್ನೂ ಲಗತ್ತಿಸಿ.

ಕಲಂ14
ಲಗತ್ತಿಸಬಹುದು, ಅದರ ಮೇಲೆ ನಿಲ್ಲಬೇಡಿ. ಕಂಪನಿ ವಾರಂಟಿ ಸಾಮಾನ್ಯವಾಗಿ ಮಾಲಿಗೆ: ಬಿರುಕು, ಬಣ್ಣ ಹೋಗೋದು ಇಂಥದ್ದಕ್ಕೆ. ಜೋಡಿಸಿದ್ದು ತಪ್ಪಿದ್ದರೆ ಕಂಪನಿ ಬಿಲ್ಡರನ್ನು ತೋರಿಸುತ್ತೆ, ಬಿಲ್ಡರ್ ಕಂಪನಿಯನ್ನು ತೋರಿಸ್ತಾರೆ. ನಿಮ್ಮ ಒಪ್ಪಂದ ಇರೋದು ಬಿಲ್ಡರ್ ಜೊತೆ.

ಲೆವೆಲ್‌ಪೈಪ್
ಪತ್ರದ ಜೊತೆ ಅಳತೆ ಇರಲಿ. ಮಳೆ ಬಿಡುವು ಕೊಟ್ಟಾಗ ಅರ್ಧ ದಿನದ ಕೆಲಸ:

1. ಮೊದಲು ಎಲೆ, ಕಸ ಪೂರ್ತಿ ತೆಗೆದು ಫೋಟೋ. "ಕಸ ಕಟ್ಟಿತ್ತು" ಅನ್ನೋ ಬಾಯಿ ಇಲ್ಲೇ ಮುಚ್ಚುತ್ತೆ. ಪೈಪಿನ ಬಾಯಲ್ಲಿ ಸಿಮೆಂಟ್ ಗಟ್ಟಿ, ಹಂಚಿನ ಚೂರು ಸಿಕ್ಕರೆ ಎಸೀಬೇಡಿ, ಅದರ ಫೋಟೋನೂ ಬೇಕು. ಅದು ಕಟ್ಟಡದ ಕಸ, ನಿಮ್ಮ ಮೇಂಟೆನೆನ್ಸ್ ಅಲ್ಲ.
2. ವಾಟ. ಗಾರೆಯವರು ಬಳಸೋ ಲೆವೆಲ್ ಪೈಪು ಸಾಕು. ಪ್ರತಿ ಬ್ರಾಕೆಟ್ ಹತ್ತಿರ ಗಟರ್ ತಳದ ಎತ್ತರ ಬರೆದುಕೊಳ್ಳಿ. ಮೀಟರಿಗೆ 3ರಿಂದ 5 ಎಂಎಂ ಇಳಿಯಬೇಕು.
3. ಔಟ್‌ಲೆಟ್ ಬಾಯಿಗೆ ಬಟ್ಟೆ ತುರುಕಿ, ಮುಕ್ಕಾಲು ಮಟ್ಟಕ್ಕೆ ನೀರು ತುಂಬಿಸಿ ಅರ್ಧ ಗಂಟೆ ಬಿಡಿ. ಪ್ರತಿ ಜಾಯಿಂಟ್ ಅಡಿಯಲ್ಲಿ ಟಿಶ್ಯೂ ಕಾಗದ ಸುತ್ತಿ. ಒದ್ದೆಯಾದದ್ದಷ್ಟೇ ಸೋರುವ ಜಾಯಿಂಟ್.
4. ಬಟ್ಟೆ ತೆಗೆದು ನೀರು ಖಾಲಿಯಾಗೋದನ್ನು ವಿಡಿಯೋ ಮಾಡಿ. ಉಳಿದ ನೀರಿನ ಆಳ ಸ್ಕೇಲ್ ಇಟ್ಟು ತೋರಿಸಿ.
5. ಹಂಚಿನ ಮೇಲೆ ಹೋಸ್ ಬಿಡಿ, ಗಟರ್ ಮೇಲೆ ಅಲ್ಲ. ನೀರು ಹಂಚಿನ ಅಂಚಿನಿಂದ ಗಟರ್ ಒಳಗೆ ಬೀಳುತ್ತಾ, ಅಂಚಿನಡಿ ತಿರುಗಿ ಹಿಂದಕ್ಕೆ ಹರಿಯುತ್ತಾ ನೋಡಿ.

ಏಣಿ ಮೇಲೆ ಒಬ್ಬರೇ ಹತ್ತಬೇಡಿ, ಏಣಿಯನ್ನು ಗಟರ್‌ಗೆ ಒರಗಿಸಲೇಬೇಡಿ. ಅಲ್ಲೊಂದು ಬಾಗು ಬಂದರೆ ಅದು ನಿಮ್ಮ ತಲೆಗೇ ಬರುತ್ತೆ.

ಸೂರಿನಂಚು
5ನೆಯದೇ ನಿಮ್ಮ ಗೋಡೆ ಹಸಿಗೆ ಕಾರಣ ಅಂತ ಪಂಥ ಕಟ್ತೀನಿ. ಸೂರು ಗೋಡೆಯಿಂದ ಎಷ್ಟು ಹೊರಗಿದೆ? ಹಂಚು ಗಟರ್ ಒಳಗೆ ಎಷ್ಟು ಚಾಚಿದೆ?

ಹೊಸಮನೆ_ಉಡುಪಿ
ಸೂರು ಬರೀ 8 ಇಂಚು ಹೊರಗೆ. ಹಂಚು ಗಟರ್ ಅಂಚಿಗೆ ಹೆಚ್ಚುಕಮ್ಮಿ ಸಮ, ಒಳಗೆ ಚಾಚಿಯೇ ಇಲ್ಲ.

ಸೂರಿನಂಚು
ಅಲ್ಲೇ ಸಿಕ್ಕಿತು. ಹಂಚು 40–50 ಎಂಎಂ ಗಟರ್ ಒಳಗೆ ಬರಬೇಕು, ಗಟರ್ ಅಗಲದ ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಜಾಸ್ತಿ ಚಾಚಿದರೂ ತೊಂದರೆ, ಜೋರು ನೀರು ಗಟರ್ ಹಾರಿ ಆಚೆ ಬೀಳುತ್ತೆ. ಕಡಿಮೆ ಇದ್ದರೆ ಸಣ್ಣ ಮಳೆಯ ನೀರು ಹಂಚಿನ ಅಡಿಗೆ ಅಂಟಿಕೊಂಡು ರೀಪಿಗೆ, ಅಲ್ಲಿಂದ ಗೋಡೆಗೆ. ಈಗ ಹಂಚು ಎಳೆಯೋಕೆ ಹೋದರೆ ಸಾಲೆಲ್ಲ ಕದಲುತ್ತೆ. ಸುಲಭ ದಾರಿ ಫ್ಲ್ಯಾಶಿಂಗ್: ಅರ್ಧ ಎಂಎಂ ದಪ್ಪದ ಕಲರ್ ಕೋಟೆಡ್ ತಗಡಿನ ಪಟ್ಟಿ, ಕೊನೆ ಸಾಲಿನ ಹಂಚಿನಡಿ 6 ಇಂಚು ಒಳಗೆ, ಇನ್ನೊಂದು ಅಂಚು ಕೆಳಗೆ ಮಡಚಿ ಗಟರ್ ಒಳಗೆ 2 ಇಂಚು ಇಳಿಬೇಕು. ಪಟ್ಟಿಗೆ ಪಟ್ಟಿ 4 ಇಂಚು ಹೊದಿಕೆ. 11 ಮೀಟರಿಗೆ 8 ಅಡಿಯ ಐದು ಪಟ್ಟಿ ಹಿಡಿಯುತ್ತೆ.

ತಗಡು_ಕೆಲಸ
ಪಟ್ಟಿಯನ್ನು ಗ್ರೈಂಡರ್‌ನಲ್ಲಿ ಕೊಯ್ಯೋಕೆ ಬಿಡಬೇಡಿ, ತಗಡು ಕತ್ತರಿ ಬಳಸಲಿ. ಗ್ರೈಂಡರ್ ಕಿಡಿಗೆ ಲೇಪನ ಸುಟ್ಟು ಅಂಚಿನಿಂದಲೇ ತುಕ್ಕು ಶುರು. ಕಬ್ಬಿಣದ ಪುಡಿ ಗಟರ್‌ನಲ್ಲಿ ಬಿದ್ದು ಕಂದು ಕಲೆ ಬೇರೆ.

ಲೆವೆಲ್‌ಪೈಪ್
ವಾಟಕ್ಕೂ ಫ್ಲ್ಯಾಶಿಂಗಿಗೂ ಸಂಬಂಧ ಇದೆ. ಔಟ್‌ಲೆಟ್ ಒಂದೇ ತುದಿಯಲ್ಲಿದ್ದರೆ 11 ಮೀಟರಿಗೆ ಮೀಟರಿಗೆ 5 ಎಂಎಂ ಅಂದರೆ 55 ಎಂಎಂ ಇಳಿಸಬೇಕು. ಆಗ ಔಟ್‌ಲೆಟ್ ಕಡೆ ಹಂಚಿಗೂ ಗಟರ್‌ಗೂ ಎರಡಿಂಚಿಗಿಂತ ಹೆಚ್ಚು ಸಂದು ಬಿದ್ದು ನೋಡೋಕೂ ಓರೆ ಕಾಣುತ್ತೆ, ಗಾಳಿಗೆ ನೀರು ಹಿಂದಕ್ಕೆ ಎರಚುತ್ತೆ. ಓರೆ ಕಾಣಬಾರದು ಅಂತ ವಾಟವನ್ನೇ ಬಿಟ್ಟಿರ್ತಾರೆ, ನೀರು ನಿಲ್ಲುತ್ತೆ. ನಡುವಿನಿಂದ ಎರಡು ತುದಿಗೆ ವಾಟ ಕೊಟ್ಟರೆ ಇಳಿಸಬೇಕಾದ್ದು 27–28 ಎಂಎಂ ಮಾತ್ರ. ಎರಡನೇ ಪೈಪು ಕೇಳೋಕೆ ಇದೂ ಒಂದು ಕಾರಣ.

ಹುಬ್ಬಳ್ಳಿ_ಬಿಸಿಲು
ನಿಂತ ನೀರಾಗ ಸೊಳ್ಳಿ ಮರಿ ಆಗ್ತಾವ. ಒಂದು ವಾರ ಹತ್ತು ದಿನ ಸಾಕು, ಡೆಂಗಿ ಸೊಳ್ಳಿ ಇಂಥಾ ಸ್ವಚ್ಛ ನೀರನ್ನ ಹುಡುಕ್ತಾವ. ಪತ್ರದಾಗ ಅದನ್ನೂ ಒಂದು ಸಾಲು ಬರೀರಿ.

ಗಾಳಿಮಳೆ
ಜುಲೈಯಲ್ಲಿ 30 ದಿನದ ಒಳಗೆ ಮಾಡು ಅಂದರೆ ಯಾವ ಬಿಲ್ಡರೂ ಮಾಡುದಿಲ್ಲ. ಪಾಚಿ ಹಿಡಿದ ಹಂಚಿನ ಮೇಲೆ ಜನ ಹತ್ತಿಸುವುದು ಅಪಾಯ, ಸೀಲೆಂಟ್ ಒದ್ದೆಗೆ ಹಿಡಿಯುದಿಲ್ಲ. ಅಕ್ಟೋಬರ್‌ವರೆಗೆ ಕಾಯುವುದೇ ಒಳ್ಳೆಯದು.

ಕಲಂ14
ಕೆಲಸಕ್ಕೆ ಕಾಯಬಹುದು, ಪತ್ರಕ್ಕೆ ಕಾಯಬಾರದು. ಅಕ್ಟೋಬರಲ್ಲಿ ಬಿಸಿಲು ಬಂದ ಮೇಲೆ ಯಾವ ಸೋರಿಕೆ ಅಂತ ಕೇಳ್ತಾರೆ.

ತಗಡು_ಕೆಲಸ
ಮಳೆಯಲ್ಲೂ ಆಗೋ ಕೆಲಸ ಇದೆ. ಎರಡನೇ ತುದಿಗೆ ಔಟ್‌ಲೆಟ್, 110 ಎಂಎಂ ಪೈಪು ಹಾಕೋದು ಏಣಿ ಮೇಲಿನ ಕೆಲಸ, ಹಂಚು ಮೆಟ್ಟಬೇಕಿಲ್ಲ. ಬ್ರಾಕೆಟ್ ಹೆಚ್ಚಿಸಿ ವಾಟ ಸರಿ ಮಾಡೋದೂ ಹಾಗೇ. ಗ್ಯಾಸ್ಕೆಟ್ ಜಾಯಿಂಟಿಗೆ ಸೀಲೆಂಟೇ ಬೇಡ, ಒಣಗೋ ಪ್ರಶ್ನೆ ಎಲ್ಲಿ? ಫ್ಲ್ಯಾಶಿಂಗ್ ಮತ್ತೆ ಪೇಂಟ್ ಮಾತ್ರ ಮಳೆಗಾಲ ಮುಗಿದ ಮೇಲೆ. ಗೋಡೆ ಒಣಗದೆ ಪೇಂಟ್ ಹೊಡೆದರೆ ಮತ್ತೆ ಉಬ್ಬುತ್ತೆ.

ಗಾಳಿಮಳೆ
ಅದು ಸರಿ, ಒಪ್ಪಿದೆ.

ಕಲಂ14
ಹಾಗಾದರೆ ಅವರಿಂದ ಎರಡು ದಿನಾಂಕ ಬರವಣಿಗೆಯಲ್ಲಿ ತೆಗೆದುಕೊಳ್ಳಿ: ಪೈಪು, ವಾಟ, ಜಾಯಿಂಟ್ 30 ದಿನದೊಳಗೆ, ಫ್ಲ್ಯಾಶಿಂಗ್, ಪೇಂಟ್ ಇಂಥ ದಿನಾಂಕಕ್ಕೆ. ನೀವಾಗಿ ಒಪ್ಪಿ ಕೊಟ್ಟ ಹೆಚ್ಚಿನ ಸಮಯ ಅಂತ ಬರೆಯಿರಿ, ಹಕ್ಕು ಬಿಟ್ಟಂತಲ್ಲ ಅಂತಲೂ ಬರೆಯಿರಿ. ಉತ್ತರವೇ ಬರದಿದ್ದರೆ 31ನೇ ದಿನ ಕರ್ನಾಟಕ ರೇರಾದಲ್ಲಿ ಆನ್‌ಲೈನ್ ದೂರು. ಸರಿಪಡಿಸಿಕೊಡಿ ಅನ್ನೋ ಕೋರಿಕೆ ಪ್ರಾಧಿಕಾರದ ಮುಂದೆ, ಪರಿಹಾರದ ಮೊತ್ತ ಕಲಂ 71ರ ನ್ಯಾಯನಿರ್ಣಯ ಅಧಿಕಾರಿಯ ಮುಂದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬೇಡಿ.

ಜಯನಗರ_ಟೆರೇಸ್
ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್ ಹತ್ತಿರ ಕಟ್ಟಿಸಿದವರಿಗೆ ರೇರಾ ಅನ್ವಯಿಸುತ್ತಾ?

ಕಲಂ14
ಇಲ್ಲ. 500 ಚ.ಮೀ. ಮೀರದ ಜಾಗ ಅಥವಾ 8 ಮನೆ ಮೀರದ ಯೋಜನೆಗೂ ನೋಂದಣಿ ಕಡ್ಡಾಯ ಅಲ್ಲ. ಸ್ವಂತ ಸೈಟಿನವರಿಗೆ ಕಂಟ್ರಾಕ್ಟ್ ಪತ್ರವೇ ಗತಿ, ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮನೆ ಕಟ್ಟಿಕೊಡೋದು ಅಲ್ಲಿ "ಸೇವೆ". ಕೊಟ್ಟ ಹಣ 50 ಲಕ್ಷದವರೆಗೆ ಜಿಲ್ಲಾ ಆಯೋಗ, ದೂರಿಗೆ ಕಾಲಮಿತಿ 2 ವರ್ಷ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಬಹುದು, ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತೆ.

ಲೆವೆಲ್‌ಪೈಪ್
ಎಲ್ಲಕ್ಕಿಂತ ದೊಡ್ಡ ಕಾಯ್ದೆ ಕೈಯಲ್ಲಿ ಉಳಿಸಿಕೊಂಡ ದುಡ್ಡು. ಬಿಲ್ಲಿನ ಶೇ. 5 ಒಂದು ಮಳೆಗಾಲ ಕಳೆಯೋವರೆಗೆ ಹಿಡಿದಿಡ್ತೀವಿ ಅಂತ ಕಂಟ್ರಾಕ್ಟ್‌ನಲ್ಲೇ ಬರೆಸಿ.

ಬೆಂಗಳೂರಿನವರಿಗೆ ಇನ್ನೊಂದು: 30×40 ಸೈಟಿನ ಹೊಸ ಮನೆಗೆ ಜಲಮಂಡಳಿಯ ಮಳೆಕೊಯ್ಲು ನಿಯಮ ಇದೆಯಲ್ಲ, ಆ ಫಿಲ್ಟರ್ ಕೆಸರು ಕಟ್ಟಿದರೆ ನೀರು ಪೈಪಲ್ಲಿ ಮೇಲಕ್ಕೆ ನಿಂತು ಗಟರ್ ಚೆಲ್ಲುತ್ತೆ. ಗಟರ್ ಬೈಯೋ ಮೊದಲು ಫಿಲ್ಟರ್ ಬಿಚ್ಚಿ ನೋಡಿ. ಇದು ಮಾತ್ರ ನಿಜವಾಗ್ಲೂ ಮೇಂಟೆನೆನ್ಸ್.

ಹೊಸಮನೆ_ಉಡುಪಿ
ಭಾನುವಾರ ಮಳೆ ಬಿಟ್ಟಿತು, ಲೆವೆಲ್‌ಪೈಪ್ ಹೇಳಿದ ಐದೂ ಮಾಡಿದೆವು. ಹಿಂದಿನ ಕಡೆ ನಡುವಿನ ಬ್ರಾಕೆಟ್ ಎರಡು ತುದಿಗಿಂತ 18 ಎಂಎಂ ಕೆಳಗಿದೆ, ನೀರು ನಿಲ್ಲೋದೂ ಚೆಲ್ಲೋದೂ ಅಲ್ಲೇ. ಬ್ರಾಕೆಟ್ ಅಂತರ 1.2 ಮೀಟರ್. ಟಿಶ್ಯೂ ಒದ್ದೆಯಾದದ್ದು ಎರಡಲ್ಲ, ಮೂರು ಜಾಯಿಂಟಿನಲ್ಲಿ. ಪೈಪಿನ ಬಾಯಲ್ಲಿ ಮುಷ್ಟಿಯಷ್ಟು ಸಿಮೆಂಟ್ ಗಟ್ಟಿ. ಹೋಸ್ ಬಿಟ್ಟಾಗ ನೀರು ಹಂಚಿನಡಿಯಿಂದ ಹಿಂದಕ್ಕೆ ಹೋಗೋದು ವಿಡಿಯೋದಲ್ಲಿ ಸ್ಪಷ್ಟ ಇದೆ. ಪತ್ರ ನಾಳೆ ಪೋಸ್ಟ್. ಅಲ್ಲಿವರೆಗೆ ಆ ಮೂರು ಜಾಯಿಂಟಿಗೆ ಬ್ಯೂಟೈಲ್ ಟೇಪ್ ಸುತ್ತಬಹುದಾ?

ತಗಡು_ಕೆಲಸ
ಪತ್ರ ತಲುಪಿ ಅವರು ಬಂದು ನೋಡೋವರೆಗೆ ಕೈ ಹಾಕಬೇಡಿ. "ಓನರ್ ಏನೋ ಸುತ್ತಿ ಹಾಳು ಮಾಡಿದ್ದಾರೆ" ಅನ್ನೋಕೆ ಅಷ್ಟು ಸಾಕು. ಸೋರೋ ಜಾಗದ ಕೆಳಗೆ ಬಕೆಟ್ ಇಡಿ. ಟೇಪ್ ಸುತ್ತಲೇಬೇಕಾದರೆ ಹೊರಮೈ ಒಣಗಿಸಿ ಹೊರಗಿಂದ ಮಾತ್ರ, ಸುತ್ತೋ ಮೊದಲು ಫೋಟೋ.

ಕಲಂ14
ಮತ್ತೆ ಅವರು ಕೆಲಸ ಮುಗಿಸಿದ ದಿನ ಅದೇ ಐದು ಪರೀಕ್ಷೆ ಅವರ ಎದುರೇ ಮಾಡಿಸಿ, ಆಮೇಲೆ ಸಹಿ.

ಹುಬ್ಬಳ್ಳಿ_ಬಿಸಿಲು
ಬಕೆಟ್ ನೀರು ಚೆಲ್ಲಬ್ಯಾಡ್ರಿ, ಇಲ್ಲಿಗೆ ಕಳಸ್ರಿ.